ಸಹಾಯ ಬೇಕು: ಕಿಡಿ ಕೊಡದ ವ್ಯಾನ್ ಡಿ ಗ್ರಾಫ್ ಯಂತ್ರ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಾನು, ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಒಂದು ವ್ಯಾನ್ ಡಿ ಗ್ರಾಫ್ ಯಂತ್ರವನ್ನು ಕಟ್ಟಿದ್ದೇನೆ. ರೋಲರುಗಳ ಮೇಲೆ ಸುತ್ತುವ ರಬ್ಬರ್ ಪಟ್ಟಿಯೊಂದು ವಿದ್ಯುದಾವೇಶವನ್ನು ಮೇಲಿನ ಲೋಹದ ಗೋಳಕ್ಕೆ ಹೊತ್ತೊಯ್ದು, ಅಲ್ಲಿ ಭಾರಿ ವೋಲ್ಟೇಜ್ ಕೂಡಿಸುವ ಯಂತ್ರವಿದು. 30 ಸೆಂ.ಮೀ. ವ್ಯಾಸದ ಎರಡು ಸ್ಟೀಲ್ ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿದ ಗೋಳ, ಪಿವಿಸಿ ಪೈಪಿನ ಕಂಬ, ಹೊಲಿಗೆ ಯಂತ್ರದ ಮೋಟಾರು, ಪಟ್ಟಿ, ರೋಲರು, ಇಷ್ಟೇ ಅದರ ಸಾಮಗ್ರಿ.

ಒಣ ಗಾಳಿಯು ಪ್ರತಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್‌ವರೆಗೆ ತಡೆದುಕೊಳ್ಳುವುದರಿಂದ, 15 ಸೆಂ.ಮೀ. ತ್ರಿಜ್ಯದ ಈ ಗೋಳಕ್ಕೆ ಲೆಕ್ಕದ ಪ್ರಕಾರ ಗರಿಷ್ಠ ಮಿತಿ 4.5 ಲಕ್ಷ ವೋಲ್ಟ್. ಅದರ ಕಾಲು ಭಾಗ ದಕ್ಕಿದರೂ ನನಗೆ ತೃಪ್ತಿಯೇ. ಫೆಬ್ರವರಿಯಲ್ಲಿ ವಿಜಯಪುರದ ಸೋದರಮಾವನ ಮನೆಯಲ್ಲಿ ನಡೆಸಿದಾಗ ನಾಲ್ಕೈದು ಸೆಂಟಿಮೀಟರಿನ ಕಿಡಿ ಹಾರುತ್ತಿತ್ತು. ಈಗ ಇಲ್ಲಿಯ ಜಿಟಿಜಿಟಿ ಮಳೆಯಲ್ಲಿ ಮಗಳ ತಲೆಗೂದಲು ಕೂಡ ಎದ್ದು ನಿಲ್ಲುತ್ತಿಲ್ಲ.

ತೇವಾಂಶವೊಂದೇ ಕಾರಣವೆಂದು ಹೇಳಲಾರೆ, ಏಕೆಂದರೆ ಈ ನಡುವೆ ಹಳೆಯ ತಿಳಿಬಣ್ಣದ ರಬ್ಬರ್ ಪಟ್ಟಿ ಹರಿದುಹೋಗಿ, ಸೈಕಲ್ ಟ್ಯೂಬನ್ನು ಕತ್ತರಿಸಿ ಹಾಕಿದ್ದೇನೆ. ಕಪ್ಪು ರಬ್ಬರಿನಲ್ಲಿ ಇಂಗಾಲದ ಪುಡಿ ಬೆರೆತಿರುವುದರಿಂದ ಅದು ಅಲ್ಪಸ್ವಲ್ಪ ವಿದ್ಯುತ್ತನ್ನು ಹರಿಯಗೊಟ್ಟು, ಮೇಲೇರಬೇಕಾದ ವಿದ್ಯುದಾವೇಶವನ್ನು ಕೆಳಗೇ ಸೋರಿಸುತ್ತಿರಬಹುದೆಂಬ ಅನುಮಾನವಿದೆ. ಜಾಗ, ಪಟ್ಟಿ ಎರಡನ್ನೂ ಒಟ್ಟಿಗೆ ಬದಲಿಸಿದ್ದು ನನ್ನದೇ ತಪ್ಪು.

ಐದು ಸೆಂ.ಮೀ. ಅಗಲದ, ಇಂಗಾಲವಿಲ್ಲದ ರಬ್ಬರ್ ಹಾಳೆ ಬೆಳಗಾವಿಯಲ್ಲಿ ಎಲ್ಲಿ ಸಿಗುತ್ತದೆ? ಉದ್ಯಮಬಾಗದಲ್ಲಿ ಒಂದೇ ಒಂದು ಟೆಫ್ಲಾನ್ ರೋಲರನ್ನು ಲೇತಿನಲ್ಲಿ ಕಡೆದುಕೊಡುವವರು ಇದ್ದಾರೆಯೇ? ಹೇರ್ ಡ್ರೈಯರ್‌ನಿಂದ ಕಂಬವನ್ನು ಒಣಗಿಸಿದವರ ಅನುಭವವೂ ಬೇಕು.

ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬಳಸಿರೆಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ. ನನ್ನ ಯಂತ್ರದಿಂದ ಹರಿಯುವುದು ಕೆಲವೇ ಮೈಕ್ರೋ ಆಂಪಿಯರ್. ಆ ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಎಷ್ಟೋ ಕಡಿಮೆಯಿದ್ದರೂ ಪ್ರಾಣ ತೆಗೆಯುವಷ್ಟು ಕರೆಂಟು ಅದರಲ್ಲಿರುತ್ತದೆ.