ಸಹಾಯ ಬೇಕು: ಪ್ರಾಗ್‌ನಲ್ಲಿ ಅಮ್ಮನ ಜೊತೆ ಎಲ್ಲಿ ಉಳಿಯೋದು?

ಎಲ್ಲರಿಗೂ ನಮಸ್ಕಾರ. ನಾನಿರೋದು ಮ್ಯೂನಿಕ್‌ನಲ್ಲಿ. ತುಮಕೂರಿನಿಂದ ಅಮ್ಮ ಬಂದಿದ್ದಾರೆ. ಮುಂದಿನ ವಾರ ಇಬ್ಬರೂ ರೈಲಿನಲ್ಲಿ ಪ್ರಾಗ್‌ಗೆ ಹೋಗುತ್ತಿದ್ದೇವೆ, ಮೂರು ರಾತ್ರಿ. ಚಾರ್ಲ್ಸ್ ಸೇತುವೆ ಹತ್ತಿರ ರೂಮ್ ಬುಕ್ ಮಾಡಿದ್ದೆ. ನಿನ್ನೆ ಮನೆ ಮಾಲೀಕರು ಅದನ್ನು ಕ್ಯಾನ್ಸಲ್ ಮಾಡಿಬಿಟ್ಟರು. ದುಡ್ಡು ವಾಪಸ್ ಬಂತು, ರೂಮ್ ಎಲ್ಲಿಂದ ತರಲಿ?

ಅಮ್ಮನಿಗೆ ಮಂಡಿ ನೋವು. ಸಮ ನೆಲದಲ್ಲಿ ಅರ್ಧ ಗಂಟೆ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲು ಕಂಡರೆ ನಿಂತುಬಿಡುತ್ತಾರೆ. ಹಳೇ ಊರಿನ ಚೌಕದಲ್ಲಿರುವ 1410ರ ಗಡಿಯಾರ, ಗಂಟೆಗೊಮ್ಮೆ ಅದರ ಕಿಟಕಿಯಲ್ಲಿ ಗೊಂಬೆಗಳು ಸಾಲಾಗಿ ಹಾದುಹೋಗುತ್ತವಲ್ಲ, ಆ ವಿಡಿಯೋ ನೋಡಿ "ಅದೊಂದು ತೋರಿಸು ಸಾಕು" ಅಂತಿದ್ದಾರೆ. ನನಗೆ ಕೋಟೆಯನ್ನೂ ತೋರಿಸುವ ಆಸೆ.

ಹುಡುಕಿ ಹುಡುಕಿ ಈಗ ಎರಡು ಉಳಿದಿವೆ. ಮಾಲಾ ಸ್ತ್ರಾನಾದ ಮನೆ ಕೋಟೆಯ ಕೆಳಗೇ ಇದೆ. ಆದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಬೀದಿ ತುಂಬ ಕಲ್ಲುಹಾಸು. ಇನ್ನೊಂದು ವಿನೋಹ್ರಾಡಿಯಲ್ಲಿ, ನಾಮ್ಯೆಸ್ತಿ ಮೀರು ಚೌಕದ ಪಕ್ಕ. ಲಿಫ್ಟ್ ಇದೆ, ಒಲೆಯೂ ಇದೆ (ಅಮ್ಮ ಆಗಲೇ ರವೆ, ಸಾರಿನ ಪುಡಿ ಕಟ್ಟಿಟ್ಟಿದ್ದಾರೆ!). ಅಲ್ಲಿನ ಮೆಟ್ರೋ 53 ಮೀಟರ್ ಆಳದಲ್ಲಿದೆ, ಅಷ್ಟುದ್ದ ಎಸ್ಕಲೇಟರ್ ಅಮ್ಮ ಹತ್ತೋಲ್ಲ. 22ನೇ ನಂಬರ್ ಟ್ರಾಮ್ ಮಾತ್ರ ನೇರವಾಗಿ ಗುಡ್ಡದ ಮೇಲಿನ ಪ್ರಾಷ್‌ಸ್ಕಿ ಹ್ರಾದ್ (ಅಂದರೆ ಪ್ರಾಗ್ ಕೋಟೆ) ಸ್ಟಾಪ್‌ಗೇ ಹೋಗುತ್ತದೆ.

ಮ್ಯಾಪ್ ನೋಡಿದೆ, ಅದರಲ್ಲಿ ಏರು ಎಷ್ಟು ಅಂತ ಗೊತ್ತಾಗೋಲ್ಲ. ಹೋಗಿಬಂದವರು ಹೇಳಿ: ಆ ಸ್ಟಾಪ್‌ನಿಂದ ಕೋಟೆಯ ಅಂಗಳಕ್ಕೆ ಮೆಟ್ಟಿಲು ಹತ್ತದೆ ಹೋಗಬಹುದಾ? ಹೌದು ಅಂದರೆ ಇವತ್ತು ರಾತ್ರಿಯೇ ವಿನೋಹ್ರಾಡಿ ಬುಕ್ ಮಾಡುತ್ತೇನೆ.