ಅಮ್ಮನ ಮೊಣಗಂಟಿಗೆ ಕೂಲ್ಡ್ ಆರ್‌ಎಫ್ ಮಾಡಿಸಿ ಅಂತ ಹೇಳಿದ್ದಾರೆ, ಮಾಡಿಸಿದವರು ಯಾರಾದ್ರೂ ಇದ್ದೀರಾ?

ಬದಿಯಡ್ಕದವಳು:

ಎಲ್ರಿಗೂ ನಮಸ್ಕಾರ. ನಮ್ಮದು ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟ. ಅಮ್ಮನಿಗೆ 67 ಆಯ್ತು, ಎರಡೂ ಮೊಣಗಂಟು ಸವೆದಿದೆ, ಎಕ್ಸ್‌ರೇಯಲ್ಲಿ ಬಲದ್ದು ಗ್ರೇಡ್ 3, ಎಡದ್ದು ಗ್ರೇಡ್ 2 ಅಂತ ಬರೆದಿದ್ದಾರೆ (ಗ್ರೇಡ್ 4 ಅಂದ್ರೆ ತೀರಾ ಸವೆದದ್ದು). ಆರು ವರ್ಷದಿಂದ ಎಣ್ಣೆ, ಕಷಾಯ, ಮಾತ್ರೆ, ಬೆಲ್ಟ್ ಎಲ್ಲ ಆಯ್ತು, ಗಂಟಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಎರಡು ಸಲ ಕೊಡಿಸಿದ್ದೇವೆ, ಮೊದಲ್ನೇದು ಮೂರು ತಿಂಗಳು ಹಿಡಿಯಿತು, ಎರಡ್ನೇದು ಒಂದು ತಿಂಗಳೂ ಬರ್ಲಿಲ್ಲ, ಮೇಲಿಂದ ಶುಗರ್ ನಾಲ್ಕೈದು ದಿನ ಏರಿ ಕೂತಿತು. ಮನೆಯಿಂದ ತೋಟಕ್ಕೆ ಇಳಿಯುವ ಕಲ್ಲಿನ ಮೆಟ್ಲು 18 ಉಂಟು, ಅಮ್ಮ ಅದನ್ನು ಇಳಿಯದೆ ಎರಡು ಮಳೆಗಾಲ ಕಳೆಯಿತು. ಜಗಲಿಯಲ್ಲಿ ಕೂತು ಕೆಲಸದವರ ಹತ್ರ ಅಡಿಕೆ ಎಷ್ಟು ಬಿದ್ದಿದೆ ಅಂತ ಕೇಳುದು ಮಾತ್ರ.

ಮೊನ್ನೆ ಮಂಗಳೂರಿನಲ್ಲಿ ಒಬ್ರು ನೋವಿನ ಡಾಕ್ಟ್ರಿಗೆ ತೋರಿಸಿದೆವು. ಗಂಟು ಬದಲಾಯಿಸುದು ಈಗಲೇ ಬೇಡ, ಕೂಲ್ಡ್ ರೇಡಿಯೋಫ್ರೀಕ್ವೆನ್ಸಿ (ಆರ್‌ಎಫ್) ಅಬ್ಲೇಶನ್ ಮಾಡುವ, ಅದಕ್ಕಿಂತ ಮೊದಲು ಟೆಸ್ಟ್ ಬ್ಲಾಕ್ ಅಂತ ಒಂದು ಉಂಟು, ಅದ್ರಲ್ಲಿ ನೋವು ಕಮ್ಮಿ ಆದ್ರೆ ಮಾತ್ರ ಮುಂದೆ ಅಂದ್ರು. ಹೊರಗೆ ರಶ್ ಇತ್ತು, ಹೆಚ್ಚು ಕೇಳ್ಲಿಕ್ಕೆ ಆಗ್ಲಿಲ್ಲ. ನರ ಸುಡುದು ಅಂತ ಒಂದು ಮಾತು ಅಮ್ಮನ ಕಿವಿಗೆ ಬಿತ್ತು ನೋಡಿ, ಅಲ್ಲಿಂದ ತಲಪಾಡಿ ದಾಟುವವರೆಗೂ ಅದೇ, ನರ ಸುಟ್ರೆ ಮತ್ತೆ ಕಾಲು ಎತ್ಲಿಕ್ಕೆ ಬರ್ತದಾ, ಸುಡುದಕ್ಕೆ ತಂಪು ಅಂತ ಹೆಸರು ಎಂತಕ್ಕೆ ಅಂತ. ನನಗೂ ಉತ್ತರ ಗೊತ್ತಿಲ್ಲ. ಇದು ಎಂತದ್ದು, ಎಷ್ಟು ಸಮಯ ಬರ್ತದೆ, ಮುಂದೆ ಆಪರೇಷನ್ ಬೇಕಾದ್ರೆ ಇದ್ರಿಂದ ತೊಂದರೆ ಉಂಟಾ, ಗೊತ್ತಿದ್ದವರು ದಯಮಾಡಿ ಹೇಳಿ.

ಸಿ-ಆರ್ಮ್ ಕೋಣೆಯವ:

ಅಕ್ಕ, ನಾನು ಕುಂಬ್ಳೆಯವ, ಮಂಗಳೂರಿನಲ್ಲಿ ಆಪರೇಷನ್ ಥಿಯೇಟರಿನ ಟೆಕ್ನಿಷಿಯನ್. ಡಾಕ್ಟ್ರಲ್ಲ, ಆದ್ರೆ ಈ ಕೆಲಸ ಆಗುವಾಗ ಮಷೀನಿನ ಹತ್ರ ನಿಲ್ಲುವವ, ಹಾಗಾಗಿ ಕಂಡದ್ದು ಹೇಳ್ತೇನೆ.

ಮೊದಲು ಅಮ್ಮನ ಹೆದರಿಕೆ. ಕಾಲು ಎತ್ತಿಡುವ ನರ ಬೇರೆ, ಗಂಟಿನ ನೋವಿನ ಸುದ್ದಿ ತಲೆಗೆ ಒಯ್ಯುವ ಸಣ್ಣ ನರ ಬೇರೆ. ಇವಕ್ಕೆ ಜೆನಿಕ್ಯುಲರ್ ನರ ಅಂತ ಹೇಳ್ತಾರೆ, ಸೂಜಿಯ ತುದಿಯಿಂದ ಕರೆಂಟಿನ ಶಾಖ ಕೊಟ್ಟು ಸುಡುದು ಇವನ್ನು ಮಾತ್ರ. ಸಾಮಾನ್ಯವಾಗಿ ಮುಟ್ಟುದು ಮೂರು ಕಡೆ, ಗಂಟಿನ ಮೇಲ್ಗಡೆ ಒಳಬದಿ ಹೊರಬದಿ ಎರಡು, ಕೆಳಗೆ ಒಳಬದಿ ಒಂದು. ಕೆಳಗಿನ ಹೊರಬದಿಯದ್ದನ್ನು ಬೇಕೂಂತಲೇ ಬಿಡುದು, ಯಾಕಂದ್ರೆ ಪಾದ ಎತ್ತುವ ನರ ಅಲ್ಲೇ ಹತ್ರದಲ್ಲಿ ಹೋಗ್ತದೆ. ಸೂಜಿ ಇಟ್ಟ ಮೇಲೆ ಸಣ್ಣ ಕರೆಂಟ್ ಬಿಟ್ಟು ಪರೀಕ್ಷೆ ಮಾಡ್ತಾರೆ, 2 ಹರ್ಟ್ಸಿನಲ್ಲಿ (ಸೆಕೆಂಡಿಗೆ ಎರಡು ಸಲ) ಕಾಲಿನ ಮಾಂಸಖಂಡ ಕುಣಿದ್ರೆ ಅದು ನಮಗೆ ಬೇಡದ ನರ, ಸೂಜಿ ಜಾಗ ಬದಲಾಯಿಸ್ಬೇಕು. ಇದು ನೋಡದೆ ಯಾರೂ ಶಾಖ ಕೊಡುದಿಲ್ಲ. ಅಮ್ಮ ಎಚ್ಚರವೇ ಇರ್ತಾರೆ, ಅಲ್ಲಿಗಲ್ಲಿಗೆ ಮರಗಟ್ಟಿಸುದು ಮಾತ್ರ.

ತಂಪು ಎಂತಕ್ಕೆ ಅಂದ್ರೆ, ಹಲಸಿನ ಬೇಳೆಯನ್ನು ಕೆಂಡಕ್ಕೆ ಹಾಕಿದ್ರೆ ಹೊರಗೆ ಕರಟಿ ಒಳಗೆ ಹಸಿ ಉಳೀತದಲ್ವಾ, ಮಾಮೂಲಿ ಆರ್‌ಎಫ್ ಸೂಜಿಯಲ್ಲೂ ಹಾಗೆ ಆಗ್ತದೆ. ತುದಿ 80 ಡಿಗ್ರಿಗೆ ಹೋಗ್ತದೆ, ಅದಕ್ಕೆ ತಾಗಿದ ಮಾಂಸ ಒಣಗಿ ಕರಟಿದ್ರೆ ಕರೆಂಟ್ ಮುಂದೆ ಹೋಗುದಿಲ್ಲ, ಶಾಖವೂ ದೂರ ಹಬ್ಬುದಿಲ್ಲ. ಕೂಲ್ಡ್ ಆರ್‌ಎಫ್‌ನಲ್ಲಿ ಸೂಜಿಯ ಒಳಗೆ ನೀರು ಸುತ್ತುತ್ತಾ ಇರ್ತದೆ, ಮಷೀನಿನ ಪಕ್ಕ ಒಂದು ಪಂಪ್ ಉಂಟು ಅದು ಕ್ರಿಮಿರಹಿತ ನೀರನ್ನು ತುದಿಯವರೆಗೆ ಕಳಿಸಿ ವಾಪಸ್ ತರ್ತದೆ. ತುದಿಯನ್ನು 60 ಡಿಗ್ರಿಯಲ್ಲಿ ಹಿಡಿದಿಡುದು, ಆದ್ರೆ ಸುತ್ತಲಿನ ಮಾಂಸ ಅದಕ್ಕಿಂತ ಬಿಸಿ, 80 ದಾಟ್ತದೆ. ಕರಟದೆ ಇರುವ ಕಾರಣ ಶಾಖ ಗುಂಡಗೆ, ದೊಡ್ಡದಾಗಿ, ಸೂಜಿಯ ತುದಿಯಿಂದ ಮುಂದಕ್ಕೂ ಹಬ್ತದೆ. ಒಂದೊಂದು ಜಾಗಕ್ಕೆ ಎರಡೂವರೆ ನಿಮಿಷ. ಈ ನರಗಳು ಎಲ್ರಲ್ಲೂ ಒಂದೇ ಗೆರೆಯಲ್ಲಿ ಇರುದಿಲ್ಲ, ಒಬ್ರಲ್ಲಿ ಸ್ವಲ್ಪ ಮೇಲೆ ಒಬ್ರಲ್ಲಿ ಕೆಳಗೆ, ಹಾಗಾಗಿ ವೃತ್ತ ದೊಡ್ಡದಾದಷ್ಟು ಅದು ಸಿಕ್ಕುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ.

ಅಮೆರಿಕದಲ್ಲಿ ಮದ್ದು, ಮಷೀನುಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ 2017ರಲ್ಲಿ ಕೂಲೀಫ್ ಅಂತ ಒಂದು ಕೂಲ್ಡ್ ಮಷೀನಿಗೆ ಮೊಣಕಾಲು ಸವೆತದ ನೋವಿಗೆ ಅಂತಲೇ ಒಪ್ಪಿಗೆ ಕೊಟ್ಟಿತು. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ 151 ಜನರನ್ನು ಎರಡು ಭಾಗ ಮಾಡಿ ಕೆಲವರಿಗೆ ಇದು, ಉಳಿದವರಿಗೆ ಸ್ಟಿರಾಯ್ಡ್ ಇಂಜೆಕ್ಷನ್. ಆರು ತಿಂಗಳ ಮೇಲೆ ನೋವು ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಇಳಿದವರು ಕೂಲ್ಡ್ ಆರ್‌ಎಫ್‌ನಲ್ಲಿ 100ಕ್ಕೆ 74, ಸ್ಟಿರಾಯ್ಡ್‌ನಲ್ಲಿ 16. ಚೆಂದ ಕಾಣ್ತದೆ, ಆದ್ರೆ 74 ಅಂದ್ರೆ ನಾಲ್ವರಲ್ಲಿ ಒಬ್ರಿಗೆ ಹಿಡಿಯಲಿಲ್ಲ ಅಂತ ಸಹ ಆಯ್ತಲ್ಲ. ಮತ್ತೆ ಮಾಮೂಲಿ ಆರ್‌ಎಫ್‌ಗಿಂತ ಕೂಲ್ಡ್ ಭಾರೀ ಮೇಲು ಅಂತ ಗಟ್ಟಿಯಾಗಿ ಇನ್ನೂ ಸಾಬೀತಾಗಿಲ್ಲ, ಅದನ್ನೂ ತಿಳ್ಕೊಂಡಿರಿ.

ನಿಮಗೆ ನಾನು ಮುಖ್ಯವಾಗಿ ಹೇಳ್ಬೇಕಾದ್ದು ಟೆಸ್ಟ್ ಬ್ಲಾಕಿನ ವಿಷಯ. ಅದೇ ಮೂರು ಜಾಗಕ್ಕೆ ಮರಗಟ್ಟಿಸುವ ಮದ್ದು ಸ್ವಲ್ಪವೇ ಸ್ವಲ್ಪ ಹಾಕ್ತಾರೆ. ಲಿಗ್ನೋಕೇಯ್ನ್ ಆದ್ರೆ ಒಂದೆರಡು ಗಂಟೆ ಅಷ್ಟೆ ಅದ್ರ ಆಯುಸ್ಸು. ಮನೆಗೆ ಹೋಗಿ ನೋಡುವ ಅಂತ ಕಾರು ಹತ್ತಬೇಡಿ, ನೀವು ಬದಿಯಡ್ಕಕ್ಕೆ ಮುಟ್ಟುವಾಗ ಮದ್ದು ಇಳಿದಿರ್ತದೆ. ಆಸ್ಪತ್ರೆಯಲ್ಲೇ ಮೆಟ್ಲು ಹತ್ತಿಸಿ ಇಳಿಸಿ, ಕುರ್ಚಿಯಿಂದ ಕೈ ಊರದೆ ಏಳಿಸಿ. ಬ್ಲಾಕಿಗೆ ಮೊದಲು ಸಹ ಅದೇ ಮೆಟ್ಲಲ್ಲಿ ಒಂದು ಸಲ ಇಳಿಸಿ ನೋಡಿಟ್ಟುಕೊಳ್ಳಿ, ಇಲ್ಲದಿದ್ರೆ ಹೋಲಿಸುದು ಯಾವುದಕ್ಕೆ?

ಮುಳ್ಳೇರಿಯದಿಂದ:

ಮೇಲಿನವರು ಟೆಸ್ಟ್ ಬ್ಲಾಕ್ ಅಂತ ಹೇಳಿದ್ರಲ್ಲ, ನಮ್ಮಲ್ಲಿ ಎಡವಿದ್ದೇ ಅಲ್ಲಿ. ಅಪ್ಪನಿಗೆ ಎರಡು ವರ್ಷ ಹಿಂದೆ ಮಾಡಿಸಿದ್ದು, ಎಲ್ಲಿ ಅಂತ ಹೇಳುದಿಲ್ಲ. ಬ್ಲಾಕ್ ಆಗಿ ಹತ್ತು ನಿಮಿಷಕ್ಕೆ ಸಿಸ್ಟರ್ ಬಂದು ಈಗ ನೋವು ಹತ್ತರಲ್ಲಿ ಎಷ್ಟು ಅಜ್ಜ ಅಂತ ಕೇಳಿದ್ರು, ಅಪ್ಪ ಮಂಚದಲ್ಲಿ ಮಲಗಿದಲ್ಲಿಂದಲೇ ಕಮ್ಮಿ ಆಗಿದೆ ಮಗಾ, ಮೂರು ಅಂತ ಹೇಳಿದ್ರು. ಮಲಗಿದವರಿಗೆ ಮೊಣಕಾಲು ಯಾವಾಗ ನೋವುಂಟು? ಅಪ್ಪನ ನೋವು ನಡೆಯುವಾಗಿನದ್ದು. ಯಾರೂ ಎಬ್ಬಿಸಿ ನಡೆಸಲಿಲ್ಲ, ನಾನೂ ನಡೆಸಲಿಲ್ಲ. ಮುಂದಿನ ವಾರ ಸುಡುದು ಆಯ್ತು, ಒಂದು ತಿಂಗಳು ಕಾದೆವು, ನಡೆಯುವಾಗ ನೋವು ಇದ್ದ ಹಾಗೇ. ಮತ್ತೆ ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಹೇಳಿದ್ರು, ಆ ಹುಡುಗಿ ಅಷ್ಟು ಪ್ರೀತಿಯಲ್ಲಿ ಕೇಳುವಾಗ ಕಮ್ಮಿ ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ, ಡಾಕ್ಟ್ರು ಇಷ್ಟೆಲ್ಲ ಮಾಡಿದ್ದಾರೆ ಅಂತ ಗ್ರೇಶಿದೆ ಅಂತ. ನನಗೆ ಅವರ ಮೇಲೆ ಸಿಟ್ಟು ಬರ್ಲಿಲ್ಲ, ನಮ್ಮ ಹಳಬರಿಗೆ ಆ ದಾಕ್ಷಿಣ್ಯ ಇರುದೇ. ಆದ್ರೆ ಅದು ಗೊತ್ತಿದ್ದ ನಾನು ಪಕ್ಕದಲ್ಲಿ ನಿಂತು ಸರಿಯಾಗಿ ಕೇಳ್ಬೇಕಿತ್ತು.

ಹಾಗಾಗಿ ಅಮ್ಮನ ಹತ್ರ ಹತ್ತರಲ್ಲಿ ಎಷ್ಟು ಅಂತ ಕೇಳುದಕ್ಕಿಂತ ಅವರ ಕೆಲಸದಲ್ಲಿ ಕೇಳಿ. ಈ ಕಾಲಲ್ಲಿ ತೋಟಕ್ಕೆ ಇಳಿಯಬಹುದಾ, ಕೊಟ್ಟಿಗೆಯಲ್ಲಿ ಕೂತು ಏಳಬಹುದಾ ಅಂತ ಕೇಳಿದ್ರೆ ನಿಜ ಹೊರಗೆ ಬರ್ತದೆ.

ಇನ್ನು ಎರಡು ಮಾತು. ಹಾರ್ಟಿಗೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುದಿದ್ರೆ, ಪೇಸ್‌ಮೇಕರ್ ಇದ್ರೆ ಮೊದಲೇ ಹೇಳಿ, ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು. ಮತ್ತೆ ಇನ್ಶೂರೆನ್ಸ್ ಇದ್ರೆ ಒಪ್ಪಿಗೆ ಬರಹದಲ್ಲಿ ತಗೊಂಡೇ ಡೇಟ್ ಹಾಕಿಸಿ. ನಮಗೆ ಫೋನಿನಲ್ಲಿ ಆಗ್ತದೆ ಆಗ್ತದೆ ಅಂತ ಹೇಳಿ ಕೊನೆಗೆ ರಾತ್ರಿ ಅಡ್ಮಿಟ್ ಇರ್ಲಿಲ್ಲ ಅಂತ ಕೊಡ್ಲಿಲ್ಲ.

ಅಕ್ಕಲಕೋಟ ಕಡೆಯವ:

ನಮಸ್ಕಾರ್ರಿ ಅಕ್ಕಾರ. ನಾವು ಮಹಾರಾಷ್ಟ್ರದಾಗ ಇದ್ದರೂ ಮನ್ಯಾಗ ಕನ್ನಡನ. ನಮ್ಮವ್ವಗ ಸೋಲಾಪುರದಾಗ ಮಾಡಿಸಿದ್ವಿ, ಆಕಿಗೆ ಚಲೋ ಆತು, ಸುಳ್ಳ ಯಾಕ ಹೇಳಲಿ. ಮೊದಲ ಎರಡು ವಾರ ಸೂಜಿ ಚುಚ್ಚಿದ ಜಾಗಾ ಕೆಂಪಾಗಿ ನೋವು ಮೊದಲಿಗಿಂತ ಜಾಸ್ತಿನ ಇತ್ತು, ರೊಕ್ಕ ಹಾಳಾತು ಅಂತ ಅಂದ್ಕೊಂಡ್ವಿ, ಮೂರನೇ ವಾರದಿಂದ ಇಳ್ಕೋತ ಬಂತು. ಒಂಬತ್ತು ತಿಂಗಳು ಅವ್ವ ತಾನ ಎದ್ದು ರೊಟ್ಟಿ ಬಡದಳು. ಆಮ್ಯಾಗ ಸಾವಕಾಶ ಮತ್ತ ಶುರು ಆತು. ಡಾಕ್ಟರ್ ಹೇಳಿದ್ರು, ಸುಟ್ಟ ನರ ಮತ್ತ ಬೆಳೀತೈತಿ, ಅದು ಬೆಳದಂಗ ನೋವು ತಿರುಗಿ ಬರತೈತಿ, ಬೇಕಂದ್ರ ಇನ್ನೊಮ್ಮೆ ಮಾಡಬಹುದು ಅಂತ.

ಆದ್ರ ಅವ್ವಂದು ಗ್ರೇಡ್ 4 ರೀ, ಎಲುಬಿಗೆ ಎಲುಬು ತಿಕ್ಕತಿತ್ತು, ಕಾಲು ಬಿಲ್ಲಿನಂಗ ಬಾಗಿತ್ತು. ಸೂಜಿ ನೋವಿನ ಸುದ್ದಿ ನಿಲ್ಲಸತೈತಿ, ಬಾಗಿದ ಕಾಲು ನೆಟ್ಟಗ ಮಾಡಂಗಿಲ್ಲ, ಸವದ ಗಾದಿ ತುಂಬಂಗಿಲ್ಲ. ಹಿಂಗಾಗಿ ಎರಡನೇ ಸಲ ಸೂಜಿ ಬ್ಯಾಡಂತ ಮೊಣಕಾಲು ಬದಲಿ ಮಾಡಿಸಿಬಿಟ್ವಿ. ಮೊದಲು ಇದನ್ನ ಮಾಡಿಸಿದ್ದು ಆಪರೇಷನ್‌ಗೆ ಏನೂ ಅಡ್ಡಿ ಆಗಲಿಲ್ಲ, ಅದು ನಿಮ್ಮ ಪ್ರಶ್ನೆಗೆ ಉತ್ತರ. ಇಂಪ್ಲಾಂಟಿನ (ಒಳಗ ಕೂಡಸೋ ಕೃತಕ ಕೀಲಿನ) ರೇಟಿಗೆ 2017ರ ಆಗಸ್ಟ್‌ನ್ಯಾಗ ಕೇಂದ್ರದವ್ರು ಮಿತಿ ಹಾಕ್ಯಾರ, ಅದಕ್ಕ ಬಿಲ್ ನೋಡುವಾಗ ಇಂಪ್ಲಾಂಟಿಂದು ಬ್ಯಾರೆ, ಆಸ್ಪತ್ರೆದು ಬ್ಯಾರೆ ಬರಸ್ಕೋರಿ. ನಿಮ್ಮ ತಾಯಿಯವ್ರದು 3 ಮತ್ತ 2 ಅಂದ್ರ ಇನ್ನೂ ಟೈಮ್ ಐತಿ, ನಾ ನಿಮ್ಮ ಜಾಗಾದಾಗ ಇದ್ರ ಮೊದಲು ಸೂಜಿನ ಮಾಡಸ್ತಿದ್ದೆ.

ಬದಿಯಡ್ಕದವಳು:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮುಳ್ಳೇರಿಯದ ಅಣ್ಣ, ನಿಮ್ಮ ಅಪ್ಪನ ಕತೆ ಓದಿ ಹೇಳಿದೆ, ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ಕೂತು, ನಾನೂ ಹಾಗೇ ಹೇಳ್ತಿದ್ದೆ ಅಂದ್ರು. ಟೆಸ್ಟಿಗೆ ಬರುವ ಗುರುವಾರ ಹೋಗುದು, ಬಂದು ಹೇಳ್ತೇನೆ. ನೋವು ಕಮ್ಮಿ ಆದ್ರೆ ನೆಲದಲ್ಲಿ ಮೆಟ್ಟುಕತ್ತಿಯಲ್ಲಿ ಕೂತು ಅಡಿಕೆ ಸುಲೀಬಹುದಾ ಅಂತ ಈಗಲೇ ಕೇಳ್ತಿದ್ದಾರೆ.

ಉಪ್ಪಳದ ಫಿಸಿಯೋ:

ಅಕ್ಕ, ಆ ಕೊನೆಯ ಸಾಲು ಓದಿ ಬರೀಲೇಬೇಕು ಅಂತ ಆಯ್ತು. ನನ್ನ ಹತ್ರ ಬರುವವರಲ್ಲಿ ನೋವು ಹೋದ ಖುಷಿಗೆ ಮರುದಿನವೇ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವವರೇ ಹೆಚ್ಚು. ಗಂಟು ಸವೆದದ್ದು ಸವೆದೇ ಇರ್ತದೆ, ಮೊದಲು ನೋವು ಬೇಡ ಅಂತ ತಡೀತಿತ್ತು, ಈಗ ತಡೆಯುವವರಿಲ್ಲ. ಅಡಿಕೆ ಸುಲಿಯಲಿ, ಆದ್ರೆ ಕುರ್ಚಿಯಲ್ಲಿ ಕೂತು, ಕತ್ತಿಯನ್ನು ಬೆಂಚಿಗೆ ಗಟ್ಟಿಯಾಗಿ ಕೂರಿಸ್ಕೊಂಡು. ಬಚ್ಚಲಿಗೆ ಕಮೋಡ್ ಹಾಕಿಸಿ, ಗೋಡೆಗೆ ಹಿಡಿ ಹಾಕಿಸಿ.

ನೋವಿಲ್ಲದ ಆ ಆರೆಂಟು ತಿಂಗಳು ಇರುದೇ ತೊಡೆಯ ಮಾಂಸಖಂಡ ಗಟ್ಟಿ ಮಾಡ್ಲಿಕ್ಕೆ. ಮೊದಲು ನೋವಿಗೆ ಮಾಡ್ಲಿಕ್ಕೆ ಆಗದ ವ್ಯಾಯಾಮ ಆಗ ಆಗ್ತದೆ. ಮೊಣಗಂಟಿನ ಅಡಿಗೆ ಸುತ್ತಿದ ಬೈರಾಸು (ಟವೆಲ್) ಇಟ್ಟು ಒತ್ತಿ ಹಿಡಿಯುದು, ಮಲಗಿ ಕಾಲು ನೆಟ್ಟಗೆ ಎತ್ತುದು, ಎತ್ತರದ ಕುರ್ಚಿಯಿಂದ ಎದ್ದು ಕೂರುದು, ದಿನಕ್ಕೆ ಎರಡು ಸಲ, ಸಾಕು. ತೂಕ ಜಾಸ್ತಿ ಇದ್ರೆ ಅದನ್ನೂ ನೋಡಿ, ಮೈಯಿಂದ 1 ಕೆಜಿ ಇಳಿದ್ರೆ ಒಂದೊಂದು ಹೆಜ್ಜೆಗೆ ಗಂಟಿನ ಮೇಲಿನ ಭಾರ ಸುಮಾರು 4 ಕೆಜಿ ಇಳೀತದೆ.

ಬದಿಯಡ್ಕದವಳು:

ಗುರುವಾರ ಹೋಗಿ ಬಂದೆವು, ಹೇಳ್ತೇನೆ ಅಂದಿದ್ದೆ. ಬಲಗಾಲಿಗೆ ಮಾತ್ರ ಬ್ಲಾಕ್ ಮಾಡಿದ್ರು. ಮೊದಲೇ ಆಸ್ಪತ್ರೆಯ ಒಂದು ಮಹಡಿ ಮೆಟ್ಲು ಇಳಿಸಿ ನೋಡಿದೆ, ಒಂದೊಂದು ಮೆಟ್ಲಿಗೆ ಎರಡೂ ಕಾಲು ಇಟ್ಟು, ನನ್ನ ಹೆಗಲು ಹಿಡಿದು, ನಡುವೆ ಎರಡು ಸಲ ನಿಂತು ಇಳಿದ್ರು. ಬ್ಲಾಕ್ ಆಗಿ ಅರ್ಧ ಗಂಟೆಗೆ ಅದೇ ಮೆಟ್ಲು, ಕೈ ಕಂಬಿಯಲ್ಲಿ ಮಾತ್ರ, ಎಲ್ಲೂ ನಿಲ್ಲಲಿಲ್ಲ, ಕೆಳಗೆ ಮುಟ್ಟಿ ಇನ್ನೊಂದು ಸಲ ಹತ್ತುವ ಅಂದ್ರು. ತೋಟಕ್ಕೆ ಇಳೀಬಹುದಾ ಅಂತ ಕೇಳಿದೆ. ಬಲಗಾಲು ಹೂಂ ಹೇಳ್ತದೆ, ಎಡಗಾಲು ಇನ್ನೂ ಹೇಳುದಿಲ್ಲ ಅಂದ್ರು. ಅದನ್ನು ಹಾಗೇ ಡಾಕ್ಟ್ರಿಗೆ ಹೇಳಿದೆವು, ಮೊದಲು ಬಲದ್ದು ಮಾಡುವ, ಎಡದ್ದಕ್ಕೆ ಸದ್ಯ ವ್ಯಾಯಾಮ ಅಂತ ತೀರ್ಮಾನ ಆಯ್ತು. ಮುಂದಿನ ತಿಂಗಳು 9ಕ್ಕೆ ಡೇಟ್. ಅಮ್ಮನಿಗೆ ಸುಡುದು ಅಂತ ನಾನು ಈಗ ಹೇಳುದಿಲ್ಲ, ಸುದ್ದಿ ನಿಲ್ಲಿಸುದು ಅಂತ ಹೇಳ್ತೇನೆ, ಅದಕ್ಕೆ ಹೆದರಿಕೆ ಇಲ್ಲ.

ಕುಂಬ್ಳೆಯ ತಮ್ಮ, ಒಂದು ಕೇಳ್ಲಿಕ್ಕುಂಟು. ಬಿಲ್ಲಿನಲ್ಲಿ ಜಾಸ್ತಿ ಇರುದು ಆ ಸೂಜಿಯ ಕಿಟ್ಟಿಗೇ. ಅದು ಹೊಸತಾ ಅಂತ ಕೇಳಿದ್ರೆ ಅವರಿಗೆ ಬೇಜಾರು ಆಗ್ತದಾ?

ಸಿ-ಆರ್ಮ್ ಕೋಣೆಯವ:

ಧಾರಾಳ ಕೇಳಿ ಅಕ್ಕ. ಕೂಲ್ಡ್ ಪ್ರೋಬ್, ಅಂದ್ರೆ ಆ ನೀರು ಸುತ್ತುವ ಸೂಜಿ, ಒಬ್ರಿಗೆ ಬಳಸಿ ಬಿಸಾಡುವಂಥದ್ದು, ನೀರು ಹೋಗುವ ನಳಿಗೆ ಒಳಗೆಲ್ಲ ಇರುವ ಕಾರಣ ತೊಳೆದು ಇನ್ನೊಬ್ರಿಗೆ ಹಾಕುವ ಸಾಮಾನು ಅಲ್ಲ. ಸೀಲ್ ಇರುವ ಪ್ಯಾಕೆಟ್ ನಿಮ್ಮೆದುರು ತೋರಿಸಿ, ಅದ್ರ ಸ್ಟಿಕ್ಕರ್ ಫೈಲಿಗೆ ಅಂಟಿಸಿ ಅಂತ ಹೇಳಿ. ಮತ್ತೆ ಬರೀ ಆರ್‌ಎಫ್ ಅಂತ ಬರೆದಿದ್ರೆ ಯಾವ ಆರ್‌ಎಫ್ ಅಂತ ಬರೆಸಿ, ಪಲ್ಸ್ಡ್ ಅಂತ ಇನ್ನೊಂದು ಉಂಟು, ಅದು 42 ಡಿಗ್ರಿ ದಾಟುದಿಲ್ಲ, ನರ ಸುಡುದೂ ಇಲ್ಲ, ಕೆಲಸವೇ ಬೇರೆ. 9ಕ್ಕೆ ಬೆಳಗ್ಗೆ ಶುಗರ್ ಮಾತ್ರೆ ತಗೊಳ್ಬೇಕಾ ಬೇಡವಾ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿಡಿ, ಅದೊಂದು ಎಲ್ರೂ ಮರೀತಾರೆ.