ಸಂಜೆ ಚಾ ಜೊತೆ ಚಿಪ್ಸ್ ಬಿಡ್ಲಿಕ್ಕೆ ಆಗ್ತಾ ಇಲ್ಲ, ಎಂತ ಮಾಡುದು?

ಪ್ರಶ್ನೆ: ಮೇಡಂ ನಮಸ್ತೆ, ನಾನು ಬದಿಯಡ್ಕ ಕಡೆಯವ, ವಯಸ್ಸು 43, ಅಂಗಡಿಯಲ್ಲಿ ಕೂತೇ ಕೆಲಸ. ಮೊನ್ನೆ ಟೆಸ್ಟಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಶುಗರಿನ ಸರಾಸರಿ ತೋರಿಸುದು) 6.1 ಬಂತು, ಈಗ ಮದ್ದು ಬೇಡ ತಿನ್ನುದ್ರಲ್ಲಿ ಜಾಗ್ರತೆ ಮಾಡಿ ಅಂದ್ರು ಡಾಕ್ಟ್ರು. ಎಂತ ತಿನ್ಬಾರ್ದು ಅಂತ ನಂಗೆ ಗೊತ್ತುಂಟು, ಪಟ್ಟಿ ಫ್ರಿಡ್ಜಿಗೆ ಅಂಟಿಸಿಯೂ ಆಗಿದೆ, ಆದ್ರೆ ನಾಲ್ಕೂವರೆಗೆ ಚಾ ಬಂದ ಕೂಡ್ಲೆ ಕೈ ಸೀದಾ ನೇಂದ್ರ ಚಿಪ್ಸಿನ ಪ್ಯಾಕೆಟಿಗೆ ಹೋಗ್ತದೆ, ಮೊಬೈಲ್ ನೋಡ್ತಾ ನೋಡ್ತಾ ಅಡಿಯ ಉಪ್ಪಿನ ಹುಡಿ ಕೈಗೆ ಸಿಕ್ಕುವಾಗ್ಲೇ ಖಾಲಿ ಆದದ್ದು ಗೊತ್ತಾಗುದು. ಮನಸ್ಸಿಟ್ಟು ತಿನ್ನಿ ಅಂತಾರೆ ಎಲ್ರೂ, ಹಾಗಂದ್ರೆ ಎಂತ, ಕಣ್ಣು ಮುಚ್ಚಿ ಧ್ಯಾನವಾ?

ಡಯಟಿಷಿಯನ್ ಉತ್ತರ: ಧ್ಯಾನ ಎಲ್ಲ ಬೇಡ ಮಾರಾಯ್ರೆ. 5.7ರಿಂದ 6.4 ಅಂದ್ರೆ ಶುಗರ್ ಜಗಲಿಗೆ ಬಂದು ಕೂತಿದೆ, ಒಳಗೆ ಬರ್ಲಿಲ್ಲ. ನಾಳೆ ಪ್ಯಾಕೆಟ್ ಮುಟ್ಟುವ ಮೊದಲು ಒಂದು ಕೇಳ್ಕೊಳ್ಳಿ, ಈಗ ಕುಚ್ಚಿಲಕ್ಕಿ ಗಂಜಿ ಚಟ್ನಿ ಕೊಟ್ರೂ ತಿನ್ತೇನಾ ಅಂತ. ಹೌದಾದ್ರೆ ಅದು ಹಸಿವು, ಬೇಯಿಸಿದ ಕಡ್ಲೆಯೋ ಹೆಸ್ರೋ ಮನೆಯಿಂದ ಡಬ್ಬಿಯಲ್ಲಿ ತಂದಿಟ್ಕೊಳ್ಳಿ. ಇಲ್ಲ ಚಿಪ್ಸೇ ಬೇಕು ಅಂತಾದ್ರೆ ಅದು ಬಾಯಿಯ ಆಸೆ, ಅದಕ್ಕೂ ಬೈಬೇಡಿ, ಹತ್ತು ತುಂಡು ಪ್ಲೇಟಿಗೆ ಹಾಕಿ, ಪ್ಯಾಕೆಟ್ ಕಟ್ಟಿ ದೂರ ಇಟ್ಟು, ಮೊಬೈಲ್ ಕವುಚಿ ಹಾಕಿ ಒಂದೊಂದೇ ತಿನ್ನಿ. ನಮ್ಮಲ್ಲಿ ಹಲಸಿನ ಹಪ್ಪಳದ ಡಬ್ಬಿ ಅಟ್ಟದಲ್ಲಿ ಇಟ್ಟಿದ್ದೇನೆ, ಏಣಿ ಇಡುವಷ್ಟರಲ್ಲಿ ನನ್ನ ಅರ್ಧ ಆಸೆ ಇಳಿತದೆ! ಮತ್ತೆ ಚಾಯಿಗೆ ಸಕ್ಕರೆ ಎಷ್ಟು? ಒಂದು ಟೀ ಸ್ಪೂನಲ್ಲಿ 4-5 ಗ್ರಾಂ ಉಂಟು, ಎರಡೆರಡು ಚಮಚದ ನಾಲ್ಕು ಚಾ ಅಂದ್ರೆ 32 ಗ್ರಾಮಿಗೆ ಕಡಿಮೆ ಇಲ್ಲ, ದಿನಕ್ಕೆ 25 ಗ್ರಾಮಿನ ಒಳಗಿದ್ರೆ ಒಳ್ಳೆದು, ನಿಮಗೆ ಇನ್ನೂ ಕಡಿಮೆ. ಅದು ಚಿಪ್ಸಿಗಿಂತ ಮೊದಲು ನೋಡ್ಬೇಕಾದ್ದು.

ಉಪ್ಪಳದ ಒಬ್ರು: ಮೇಡಂ, ನಮ್ಮಲ್ಲಿ ಸಾಕು ಅಂದ್ರೂ ಅತ್ತೆ ಇನ್ನೊಂದು ಸೌಟು ಅನ್ನ ಹಾಕಿಯೇ ಹಾಕ್ತಾರೆ, ಬೇಡ ಅಂದ್ರೆ ಬೇಜಾರು.

ಉತ್ತರ: ಅಕ್ಕಾ, ಮೊದಲೇ ಸ್ವಲ್ಪ ಕಡಿಮೆ ಹಾಕಿಸ್ಕೊಳ್ಳಿ, ಆ ಸೌಟಿಗೆ ಜಾಗ ಇಟ್ಟು! ಪಲ್ಯ ಜಾಸ್ತಿ ಕೇಳಿ, ಅತ್ತೆಗೂ ಖುಷಿ. ನಿಧಾನ ಉಣ್ಣಿ, ಹೊಟ್ಟೆ ತುಂಬಿದ್ದು ತಲೆಗೆ ಗೊತ್ತಾಗ್ಲಿಕ್ಕೆ ಸುಮಾರು 20 ನಿಮಿಷ ಬೇಕು, ನಾವು ಎಂಟು ನಿಮಿಷದಲ್ಲಿ ಕೈ ತೊಳಿತೇವೆ.

ಬದಿಯಡ್ಕದವರು (ಮರುದಿನ): ಮೇಡಂ ಹತ್ತು ತುಂಡು ಎಣಿಸಿ ಹಾಕಿದೆ. ಆರನೇದಕ್ಕೆ ಗೊತ್ತಾಯ್ತು ಎಣ್ಣೆ ಕಮಟು ವಾಸನೆ ಅಂತ, ಎರಡು ವರ್ಷದಿಂದ ಇದನ್ನೇ ತಿಂದದ್ದಲ್ವಾ ನಾನು 😄